ತೆರೆ ಒಡೆಯುವುದೇಕೆ?

ತಿತಿಮತಿಯ ಕಾಫಿ ತೋಟದ ಕೆರೆಯೊಂದಕ್ಕೆ ಕಲ್ಲೆಸೆಯೋಣ. ಅಲೆಗಳು ಬಳೆಬಳೆಯಾಗಿ ದಡದತ್ತ ಸಾಗುತ್ತವೆ. ನೀರಿನ ಮೇಲಣ ತರಗೆಲೆಯಾದರೋ ಇದ್ದೆಡೆಯಲ್ಲಿಯೇ ಏಳುತ್ತದೆ, ಇಳಿಯುತ್ತದೆ. ಮುಂದೆ ಸಾಗಿದುದು ನೀರಲ್ಲ, ಶಕ್ತಿ. ಕೊಡಗಿನ ಈ ಊರಿನ ಮಳೆನೀರು ಕಾವೇರಿಯನ್ನು ಕೂಡಿ ಬಂಗಾಳ ಕೊಲ್ಲಿಗೆ ಹರಿಯುತ್ತದೆಯಾದರೂ, ಇಲ್ಲಿಯ ವಿದ್ಯಾರ್ಥಿಗಳು ಘಟ್ಟವಿಳಿದು ಮೊದಲು ಕಾಣುವ ಕಡಲು ಬಹುಶಃ ಅರಬ್ಬಿ ಸಮುದ್ರವೇ. ಅಲ್ಲಿ ಕೆರೆಯ ಪಾಠವಷ್ಟೇ ಸಾಲದು.

ಮಂಗಳೂರಿನ ಉತ್ತರಕ್ಕೆ, ಮೂಲ್ಕಿಯ ಬಳಿ, ಶಾಂಭವಿ ಮತ್ತು ನಂದಿನಿ ನದಿಗಳು ಕಡಲನ್ನು ಸೇರುವ ಅಳಿವೆಯ ಪಕ್ಕದಲ್ಲಿ ಸಸಿಹಿತ್ಲು ಕಡಲತೀರವಿದೆ. ಹಲಗೆಯ ಮೇಲೆ ನಿಂತು ತೆರೆಯನ್ನೇರುವ ಸರ್ಫಿಂಗ್ ಕ್ರೀಡೆಗೆ ಇದು ಹೆಸರಾದ ಸ್ಥಳ. 2016ರ ಮೇ ತಿಂಗಳಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ಇಲ್ಲಿ ನಡೆಯಿತು.

ಈ ತೀರಕ್ಕೆ ಬರುವ ತೆರೆಗಳಲ್ಲಿ ಕೆಲವು ಹುಟ್ಟಿದುದು ಸಹಸ್ರಾರು ಕಿಲೋಮೀಟರು ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗಳಲ್ಲಿ. 10 ಸೆಕೆಂಡಿಗೊಂದರಂತೆ ಬರುವ ತೆರೆಗಳು ಆಳವಾದ ನೀರಿನಲ್ಲಿ ಗಂಟೆಗೆ ಸುಮಾರು 56 ಕಿಲೋಮೀಟರು ವೇಗದಿಂದ ಸಾಗುತ್ತವೆ. ಒಂದರ ನೆತ್ತಿಯಿಂದ ಇನ್ನೊಂದರ ನೆತ್ತಿಗೆ ಸುಮಾರು 156 ಮೀಟರು. ನೀರಿನ ಆಳವು ಈ ಅಂತರದ ಅರ್ಧಕ್ಕಿಂತ ಕಡಿಮೆಯಾದೊಡನೆ ತಳವು ತೆರೆಯ ನಡೆಯನ್ನು ತಡೆಯತೊಡಗುತ್ತದೆ. ಮುಂದಿನ ತೆರೆ ನಿಧಾನವಾಗುತ್ತದೆ, ಹಿಂದಿನದು ಅದನ್ನು ಒತ್ತಿಕೊಂಡು ಬರುತ್ತದೆ. ಸಾಲುಗಳು ಹತ್ತಿರವಾಗಿ ದಡ ಸಮೀಪಿಸಿದಂತೆ ತೆರೆ ಎತ್ತರವಾಗುತ್ತದೆ. ಆಳವು ತೆರೆಯ ಎತ್ತರದ ಸುಮಾರು 1.3ರಷ್ಟಕ್ಕೆ ಇಳಿದಾಗ ನೆತ್ತಿ ಮುಂದಕ್ಕೆ ಬಾಗಿ ಒಡೆಯುತ್ತದೆ. ಒಂದು ಮೀಟರು ಎತ್ತರದ ತೆರೆ ಒಡೆಯುವಲ್ಲಿ ನೀರು ಎದೆಮಟ್ಟವೆಂದು ತಿಳಿಯಬಹುದು.

ಬಂಡೆಯ ತಳವಿದ್ದರೆ ಒಡೆಯುವ ಎಡೆ ಬದಲಾಗದು. ಮರಳಿನ ತೀರದಲ್ಲಾದರೋ ಮುಂಗಾರಿನ ಕಡಲೂ ನದಿಯ ನೆರೆಯೂ ತಳದ ದಿಣ್ಣೆಗಳನ್ನು ಸರಿಸುತ್ತಲೇ ಇರುತ್ತವೆ. ಹಿಂದಿನ ವರ್ಷದ ನೆನಪನ್ನು ನೆಚ್ಚುವಂತಿಲ್ಲ. ಗಾಳಿಯ ಮಾತೂ ಉಂಟು. ನೆಲದಿಂದ ಕಡಲಿಗೆ ಬೀಸುವ ಬೆಳಗಿನ ಮಂದಗಾಳಿ ತೆರೆಯ ಮುಖವನ್ನು ನುಣುಪಾಗಿ ನಿಲ್ಲಿಸುತ್ತದೆ; ಮಧ್ಯಾಹ್ನದ ಕಡಲಗಾಳಿ ಅದನ್ನು ಕೆದರಿಬಿಡುತ್ತದೆ.

ಇನ್ನು ನಾವು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುವ ಸಂಗತಿ. ಒಡೆದ ತೆರೆಗಳು ದಿಣ್ಣೆಯ ಮೇಲಿಂದ ದಡಕ್ಕೆ ತಳ್ಳಿದ ನೀರು ಹಿಂದಿರುಗಬೇಕಲ್ಲವೆ? ದಿಣ್ಣೆಗಳ ನಡುವಣ ಕಂಡಿಯೇ ಅದರ ದಾರಿ. ಅಲ್ಲಿ ಆಳ ಹೆಚ್ಚು. ಆದುದರಿಂದ ತೆರೆ ಅಷ್ಟಾಗಿ ಒಡೆಯದು, ನೊರೆಯೂ ಕಡಿಮೆ. ಘಟ್ಟದ ಮೇಲಿನಿಂದ ಬಂದವರು ನೊರೆಗೆ ಅಂಜಿ, ಶಾಂತವಾಗಿ ಕಾಣುವ ಈ ಎಡೆಯಲ್ಲಿಯೇ ನೀರಿಗಿಳಿಯುವುದುಂಟು. ಅಲ್ಲಿಯ ಸೆಳೆತ ಕೆಲವೊಮ್ಮೆ ಸೆಕೆಂಡಿಗೆ 2 ಮೀಟರನ್ನೂ ಮೀರುತ್ತದೆ. ನುರಿತ ಈಜುಗಾರನೂ ಅದರೆದುರು ಸೋಲುತ್ತಾನೆ. ಸಿಕ್ಕಿಬಿದ್ದವನು ದಡದತ್ತ ಹೋರಾಡದೆ ತೇಲುತ್ತ, ಕೈಯೆತ್ತಿ ನೆರವನ್ನು ಕೂಗಬೇಕು. ಈಜು ಬಲ್ಲವನು ದಡಕ್ಕೆ ಸಮಾನಾಂತರವಾಗಿ ಸರಿದು, ನೊರೆಯೇಳುವ ಕಡೆಯಿಂದ ಹಿಂದಿರುಗಬೇಕು. ಸರ್ಫಿಂಗ್ ಬಲ್ಲವರಾದರೋ ಈ ಸೆಳೆತವನ್ನೇ ಹುಡುಕಿ, ತೋಳಿಗೆ ಹೆಚ್ಚು ಶ್ರಮವಿಲ್ಲದೆ ತೆರೆಗಳಾಚೆಗೆ ಸಾಗಿಹೋಗುತ್ತಾರೆ.