ಹಗ್ಗದ ಹಾದಿಯ ಲೆಕ್ಕಾಚಾರ

ಬೇಸಿಗೆ ಹಾಗೂ ದಸರಾ ರಜೆಗಳಲ್ಲಿ ಅಂಗಡಿಗೆ ನಾಲ್ಕು ದಿನ ಬೀಗ ಹಾಕಿ ಕುಟುಂಬ ಸಮೇತ ಪ್ರವಾಸ ಹೊರಡುವ ರೂಢಿ ತುಮಕೂರು, ಗುಬ್ಬಿ, ಕುಣಿಗಲ್‌ಗಳ ವರ್ತಕರಲ್ಲಿ ಇಂದು ಸಾಮಾನ್ಯವಾಗಿದೆ. ದೇವರಾಯನದುರ್ಗದ ಯೋಗಾನರಸಿಂಹಸ್ವಾಮಿಗೆ ನಡೆದುಕೊಳ್ಳುವವರಿಗೆ ಘಟಿಕಾಚಲವೆಂದು ಹೆಸರಾದ ತಮಿಳುನಾಡಿನ ಶೋಲಿಂಗೂರು ಅಪರಿಚಿತವಲ್ಲ. 1,300ಕ್ಕೂ ಹೆಚ್ಚು ಮೆಟ್ಟಿಲುಗಳಿರುವ ಆ ಬೆಟ್ಟಕ್ಕೆ 2024ರ ಮಾರ್ಚ್‌ನಲ್ಲಿ ರೋಪ್‌ವೇ ಆರಂಭವಾಯಿತು. ಮಂಡಿನೋವಿನ ಕಾರಣದಿಂದ ಕೆಳಗೇ ಕುಳಿತು ಕೈ ಮುಗಿಯುತ್ತಿದ್ದ ಹಿರಿಯರು ಈಗ ಕೆಲವೇ ನಿಮಿಷಗಳಲ್ಲಿ ಮೇಲೇರಬಹುದು.

ನಮ್ಮ ನಾಡಿಗೆ ಹಗ್ಗದ ಹಾದಿ ಹೊಸದೇನಲ್ಲ. ಕೆಮ್ಮಣ್ಣುಗುಂಡಿಯ ಅದಿರು ತೂಗುತೊಟ್ಟಿಗಳಲ್ಲಿ ತಣಿಗೇಬೈಲಿಗೆ ಇಳಿದು ಭದ್ರಾವತಿಯ ಕಾರ್ಖಾನೆಯನ್ನು ಸೇರುತ್ತಿತ್ತು. ಅದಿರಿಗೆ ದೊರೆತ ಸೌಕರ್ಯ ಪ್ರವಾಸಿಗರಿಗೆ ದೊರೆಯುವುದು ತಡವಾಯಿತೆನ್ನಬೇಕು. ನಂದಿಬೆಟ್ಟಕ್ಕೆ ರೋಪ್‌ವೇ ಆಗಬೇಕೆಂಬುದು 1990ರಲ್ಲಿ ನಿಧನರಾದ ನಟ, ನಿರ್ದೇಶಕ ಶಂಕರ್ ನಾಗ್ ಅವರ ಕನಸಾಗಿತ್ತು. ಅಲ್ಲಿನ 2.93 ಕಿ.ಮೀ. ಉದ್ದದ, 93.40 ಕೋಟಿ ರೂ. ಅಂದಾಜಿನ ಯೋಜನೆಗೆ ಶಂಕುಸ್ಥಾಪನೆಯಾದದ್ದು 2023ರ ಮಾರ್ಚ್‌ನಲ್ಲಿ.

ಹಗ್ಗದ ಸರಣಿ ಸರಳವಾದುದು. ಎರಡು ನಿಲ್ದಾಣಗಳ ನಡುವೆ ಉಕ್ಕಿನ ಹಗ್ಗವೊಂದು ಕೊನೆಯಿಲ್ಲದ ಬಳೆಯಂತೆ ಸುತ್ತುತ್ತದೆ. ಗೋಪುರಗಳ ಮೇಲಿನ ರಾಟೆಗಳು ಅದನ್ನು ಹೊರುತ್ತವೆ. ವಿದ್ಯುತ್ ಮೋಟಾರು ಎಳೆಯುತ್ತದೆ. ಕರೆಂಟು ಹೋದರೆ ಡೀಸೆಲ್ ಎಂಜಿನ್ ಸಿದ್ಧವಿರಬೇಕು. ವ್ಯಾಪಾರಿಯ ಕಣ್ಣಿಗೆ ಮುಖ್ಯವಾದ ಸಂಗತಿ ಬೇರೆಯದು. ತೊಟ್ಟಿಲಲ್ಲಿ ಇಬ್ಬರು ಕುಳಿತರೂ, ಯಾರೂ ಕೂರದಿದ್ದರೂ ಸಿಬ್ಬಂದಿಯ ಸಂಬಳ, ಸಾಲದ ಬಡ್ಡಿ, ವಿಮೆ, ಸವಕಳಿ ನಿಲ್ಲುವುದಿಲ್ಲ. ಟಿಕೆಟ್ ದುಬಾರಿಯೆನಿಸಲು ಇದೇ ಪ್ರಧಾನ ಕಾರಣ.

ತೆರಿಗೆಯ ಭಾರ ಮಾತ್ರ ಇಳಿದಿದೆ. ರೋಪ್‌ವೇ ಪ್ರಯಾಣದ ಮೇಲಿನ ಜಿಎಸ್‌ಟಿಯನ್ನು 2022ರ ಜುಲೈ 18ರಿಂದ ಶೇ. 18ರಿಂದ ಶೇ. 5ಕ್ಕೆ ತಗ್ಗಿಸಲಾಯಿತು. ನೂರು ರೂಪಾಯಿ ದರಕ್ಕೆ 118 ತೆರುತ್ತಿದ್ದ ಯಾತ್ರಿಕನಿಗೆ 105 ಸಾಕಾಯಿತು. ಆದರೆ ಈ ದರಕ್ಕೊಂದು ಷರತ್ತಿದೆ: ಸೇವೆಗಳ ಮೇಲಿನ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ, ಸರಕುಗಳ ಮೇಲಿನದು ದೊರೆಯುವುದಿಲ್ಲ. ಹಗ್ಗ, ರಾಟೆ, ಮೋಟಾರು ಎಲ್ಲವೂ ಸರಕುಗಳೇ ಆದುದರಿಂದ ಅವುಗಳ ಮೇಲೆ ತೆತ್ತ ತೆರಿಗೆ ನಡೆಸುವವನ ಖರ್ಚಿಗೇ ಸೇರುತ್ತದೆ.

ಪ್ರವಾಸಿಗರನ್ನು ಹೆಚ್ಚು ಕೆರಳಿಸುವುದು ದರವಲ್ಲ, ‘ಇಂದು ದುರಸ್ತಿ, ಸೇವೆ ಇಲ್ಲ’ ಎಂಬ ಫಲಕ. 2004ರಲ್ಲಿ ಆರಂಭವಾದ ಪಳನಿಯ ರೋಪ್‌ಕಾರನ್ನು ನಿತ್ಯ ಸ್ವಲ್ಪ ಹೊತ್ತು, ತಿಂಗಳಿಗೊಂದು ದಿನ, ವರ್ಷಕ್ಕೆ ಹೆಚ್ಚುಕಡಿಮೆ ಒಂದು ತಿಂಗಳು ನಿಲ್ಲಿಸಿ ಪರೀಕ್ಷಿಸುತ್ತಾರೆ. ಇಷ್ಟು ದೂರ ಬಂದು ಬರಿಗೈಯಲ್ಲಿ ಮರಳಬೇಕೇ ಎಂಬ ಅಸಮಾಧಾನ ಸಹಜ. ಆದರೆ ಅದೇ ಪಳನಿಯಲ್ಲಿ 2007ರ ಆಗಸ್ಟ್‌ನಲ್ಲಿ ಅಪಘಾತ ಸಂಭವಿಸಿ ಜೀವಹಾನಿಯಾಯಿತು. 2022ರ ಏಪ್ರಿಲ್‌ನಲ್ಲಿ ಜಾರ್ಖಂಡ್‌ನ ದೇವಘರ್ ಬಳಿಯ ತ್ರಿಕೂಟ ಬೆಟ್ಟದಲ್ಲಿ ಅವಘಡವಾದಾಗ ಜನರು ರಾತ್ರಿಯಿಡೀ ತೊಟ್ಟಿಲುಗಳಲ್ಲೇ ಉಳಿದರು. ವಾಯುಪಡೆಯ ಹೆಲಿಕಾಪ್ಟರ್‌ಗಳು ಅವರನ್ನು ಮೇಲಕ್ಕೆತ್ತಬೇಕಾಯಿತು. ಅಲ್ಲಿಯೂ ಸಾವು ಸಂಭವಿಸಿತು.

ವಸಂತನರಸಾಪುರದಲ್ಲಾಗಲಿ, ಕುಣಿಗಲ್‌ನ ಅಂಚೇಪಾಳ್ಯದಲ್ಲಾಗಲಿ ಯಂತ್ರ ನಡೆಸುವ ಸಣ್ಣ ಉದ್ಯಮಿಗೆ ಈ ಮಾತನ್ನು ವಿವರಿಸಬೇಕಿಲ್ಲ. ಆರ್ಡರು ಒತ್ತರಿಸಿ ಬಂದಾಗ ಬೇರಿಂಗ್ ಬದಲಾವಣೆಯನ್ನು ಮುಂದಿನ ವಾರಕ್ಕೆ ತಳ್ಳುವ ಆಸೆ ಎಂಥದೆಂದು ಆತ ಬಲ್ಲ. ಕಾರ್ಖಾನೆಯಲ್ಲಿ ಅದರ ಫಲ ಒಂದು ಪಾಳಿಯ ನಷ್ಟವಾದೀತು. ಕಣಿವೆಯ ಮೇಲೆ ಹಾಗಲ್ಲ. ರಜೆಯ ಜನಸಂದಣಿಯಲ್ಲಿ ಒಂದು ದಿನ ನಿಲ್ಲಿಸುವ ರೋಪ್‌ವೇ ಆ ದಿನದ ಗಲ್ಲಾ ಬಿಟ್ಟುಕೊಟ್ಟಂತೆಯೇ. ಹೊಸ ಯೋಜನೆಗಳ ವರಮಾನವನ್ನು ಅಂದಾಜಿಸುವಾಗ ವರ್ಷಕ್ಕೆ 365 ದಿನ ಹಿಡಿಯುವವರ ಲೆಕ್ಕವನ್ನು ನಂಬಲಾಗದು. ದುರಸ್ತಿಯ ದಿನಗಳನ್ನೂ ಜೋರುಗಾಳಿಯ ದಿನಗಳನ್ನೂ ಮೊದಲೇ ಕಳೆದಿರಬೇಕು.

ಪಳನಿಗೆ ಹೊರಡುವವರು ವಾರ್ಷಿಕ ದುರಸ್ತಿಯ ದಿನಾಂಕಗಳನ್ನು ದೇವಾಲಯದ ಕಚೇರಿಯಲ್ಲಿ ವಿಚಾರಿಸಿ ರೈಲ್ವೆ ಟಿಕೆಟ್ ಕಾಯ್ದಿರಿಸುವುದು ಲೇಸು. ರೋಪ್‌ಕಾರ್ ನಿಂತಿದ್ದರೂ ಹಳಿಯ ಮೇಲೆ ಬೆಟ್ಟವೇರುವ ವಿಂಚ್ ಅಲ್ಲಿದೆ. ಸರತಿ ಸಾಲು ಮಾತ್ರ ಉದ್ದವಿರುತ್ತದೆ.