ವಿವರಣೆಯ ನಡುವಣ ಕೋಡನ್ನು ಬೇರ್ಪಡಿಸುವ ಕ್ರಮ

ಅಂತರಸಂತೆಯನ್ನೊಳಗೊಂಡ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಸನಗಳನ್ನು ಬಿ. ಎಲ್. ರೈಸರು 'ಎಪಿಗ್ರಾಫಿಯಾ ಕರ್ನಾಟಿಕ'ದ 4ನೆಯ ಸಂಪುಟದಲ್ಲಿ, 1898ರಲ್ಲಿ, ಪ್ರಕಟಿಸಿದರು. ಅಲ್ಲಿ ಶಾಸನಪಾಠವು ಒಂದೆಡೆಯೂ ಇಂಗ್ಲಿಷ್ ಅನುವಾದವು ಮತ್ತೊಂದೆಡೆಯೂ ಇರುವುವು. ತಾಲ್ಲೂಕಿನ ಕ್ರಮಸಂಖ್ಯೆಯು ಅವೆರಡನ್ನೂ ಕೂಡಿಸುವುದು. ಆದುದರಿಂದ ಮೂಲವಾವುದು, ವಿವರಣೆಯಾವುದು ಎಂಬ ಸಂದೇಹಕ್ಕೆ ಎಡೆಯಿಲ್ಲ. ವ್ಯಾಖ್ಯಾನಗಳ ಓಲೆಪ್ರತಿಗಳಲ್ಲಾದರೋ ಮೂಲವೂ ಟೀಕೆಯೂ ಒಂದೇ ಪಂಕ್ತಿಯಲ್ಲಿ ಸಾಗುವುದುಂಟು. ಲಿಪಿಕಾರನು ಎಚ್ಚರದಪ್ಪಿದರೆ ಟೀಕೆಯ ಮಾತು ಮೂಲವನ್ನು ಹೊಕ್ಕು ಪ್ರಕ್ಷಿಪ್ತವಾಗುವುದು.

ಕಂಪ್ಯೂಟರಿನ ಬರೆವಣಿಗೆಯಲ್ಲಿಯೂ ಇದೇ ತೊಡಕುಂಟು. ಜಾನ್ ಗ್ರೂಬರರು 2004ರಲ್ಲಿ ಹೊರತಂದ 'ಮಾರ್ಕ್‌ಡೌನ್' ಎಂಬ ಲೇಖನಕ್ರಮದಲ್ಲಿ, ಮನುಷ್ಯರು ಓದುವ ವಿವರಣೆಯ ನಡುವೆಯೇ ಯಂತ್ರವು ನಡೆಸಬೇಕಾದ ಆಜ್ಞೆಗಳ ಪಾಠವು, ಎಂದರೆ ಕೋಡು, ಬರಬಹುದು. ಆ ಕೋಡನ್ನು ಮಾತ್ರ ಆಯ್ದುಕೊಡುವುದಕ್ಕಾಗಿ ಚಿಕ್ಕ ಲೈಬ್ರರಿಗಳಿರುವುವು. ಇತರ ಪ್ರೋಗ್ರಾಂಗಳು ಬೇಕಾದಾಗ ಕರೆದು ಬಳಸಿಕೊಳ್ಳುವ ಸಿದ್ಧಭಾಗಗಳಿಗೆ ಲೈಬ್ರರಿಯೆಂದು ಹೆಸರು. ಗ್ರಂಥದಲ್ಲಿ ಕೊಟ್ಟ ಉದಾಹರಣೆಗಳು ದಿಟವಾಗಿ ನಡೆಯುವುವೇ ಎಂದು ಪರೀಕ್ಷಿಸಲು ಇವು ಒದಗುವುವು.

2014ರಲ್ಲಿ ಪ್ರಕಟವಾದ 'ಕಾಮನ್‌ಮಾರ್ಕ್' ನಿಯಮಾವಳಿಯು ಈ ಕೋಡ್‌ಭಾಗದ ಲಕ್ಷಣವನ್ನು ಹೇಳಿರುವುದು. ಸಾಲಿನ ಮೊದಲಲ್ಲಿ ಬರುವ ಕನಿಷ್ಠ 3 ಬ್ಯಾಕ್‌ಟಿಕ್ ಅಥವಾ ಟಿಲ್ಡೆ ಚಿಹ್ನೆಗಳು ಕೋಡಿಗೆ ಬೇಲಿಯಾಗುವುವು. ತೆರೆಯುವ ಬೇಲಿಯ ಬಳಿಕ ಅದೇ ಸಾಲಿನಲ್ಲಿ ಕೋಡಿನ ಭಾಷೆಯನ್ನು ಹೆಸರಿಸಬಹುದು. ಮುಚ್ಚುವ ಬೇಲಿಯು ಅದೇ ಚಿಹ್ನೆಯದಾಗಿರಬೇಕು. ಸಂಖ್ಯೆಯಲ್ಲಿ ತೆರೆದುದಕ್ಕಿಂತ ಕಡಮೆಯಾಗಕೂಡದು. 3 ಚಿಹ್ನೆಗಳ ಬೇಲಿಯನ್ನೇ ಉದಾಹರಿಸಿ ತೋರಿಸಬೇಕಾದಲ್ಲಿ ಹೊರಗೆ 4 ಚಿಹ್ನೆಗಳ ಬೇಲಿಯನ್ನಿಟ್ಟರೆ ಸಾಕು. ಆದುದರಿಂದ 3 ಚಿಹ್ನೆಗಳನ್ನು ಕಂಡಲ್ಲೆಲ್ಲ ಕತ್ತರಿಸುವ ಪ್ರೋಗ್ರಾಂ ಒಳಗಣ ಉದಾಹರಣೆಯಲ್ಲಿ ಎಡವುವುದು. ತೆರೆದ ಬೇಲಿಯ ಚಿಹ್ನೆಯನ್ನೂ ಸಂಖ್ಯೆಯನ್ನೂ ನೆನಪಿನಲ್ಲಿಟ್ಟುಕೊಂಡು ಸಾಲುಸಾಲಾಗಿ ಓದುವುದೇ ಸರಿಯಾದ ಕ್ರಮವು.

ಬೇರ್ಪಡಿಸಿದ ಪಾಠವನ್ನು ತಿದ್ದಲಾಗದು. 'ಪೈಥಾನ್' ಭಾಷೆಯಲ್ಲಿ ಸಾಲಿನ ಆರಂಭದ ತೆರಪು ವ್ಯಾಕರಣದ ಅಂಗವು. ಅದು ಕೆಟ್ಟರೆ ಆಜ್ಞೆಯೇ ಕೆಡುವುದು. ಬೇಲಿಯೇ ಒಂದೆರಡು ತೆರಪು ಒಳಸರಿದಿದ್ದರೆ ಮಾತ್ರ, ಒಳಗಣ ಸಾಲುಗಳಿಂದಲೂ ಅಷ್ಟನ್ನೇ ಕಳೆಯಬೇಕೆಂದು ವಿಧಿಯುಂಟು.

ಲೈಬ್ರರಿಯು ಅರ್ಥವನ್ನರಿಯದು, ಚಿಹ್ನೆಯನ್ನು ಮಾತ್ರ ನಂಬುವುದು. ಪಂಡಿತನಾದ ಸಂಪಾದಕನು ಶೈಲಿಯಿಂದಲೋ ಛಂದಸ್ಸಿನಿಂದಲೋ ಪ್ರಕ್ಷಿಪ್ತವನ್ನು ಗುರುತಿಸಬಲ್ಲನು; ಯಂತ್ರಕ್ಕೆ ಆ ವಿವೇಕವಿಲ್ಲ. ಮುಚ್ಚುವ ಬೇಲಿಯೊಂದು ಬಿಟ್ಟುಹೋದರೆ, ಮುಂದೆ ಬೇರೆ ಬೇಲಿಯಿಲ್ಲದ ಪಕ್ಷದಲ್ಲಿ, ಲೇಖನದ ಕೊನೆಯವರೆಗಿನ ವಿವರಣೆಯೆಲ್ಲವೂ ಕೋಡೆಂದೇ ಎಣಿಕೆಯಾಗುವುದು. ಆದಕಾರಣ ಮೂಲದ ಎಲ್ಲೆಯನ್ನು ಕಾಯುವ ಭಾರವು ಇಲ್ಲಿ ಬರೆಯುವವನ ಮೇಲೆಯೇ ಇರುವುದು.