ಹೊಲ ಕಾಯುವ ಟಾರ್ಚಿಗೆ ಯಾವ ಸೆಲ್?

ರಾಣೆಬೆನ್ನೂರು ತಾಲೂಕಿನ ರೈತ ಓದುಗರೊಬ್ಬರು ಕೇಳಿದ್ದಾರೆ: ‘ಗೋವಿನಜೋಳಕ್ಕ ರಾತ್ರಿ ಹಂದಿ ಕಾಟ ಬಾಳ ಐತ್ರಿ. ತಲಿಗೆ ಕಟ್ಟೊ ಟಾರ್ಚ್ ತಂದೇನಿ. ಸೆಲ್ ಮ್ಯಾಲೆ 9900 ಎಂಎಎಚ್ ಅಂತ ಬರದಾರ, ಎರಡ ತಾಸಿಗೆ ಮಂಕಾಗತೈತಿ. ಚಾರ್ಜ್ ಮಾಡೊ ಸೆಲ್ ಒಳಗ ಯಾವುದು ಚಲೋ?’

ತಲೆಗೆ ಕಟ್ಟುವ ಟಾರ್ಚು, ಪ್ರಾಣಿಯ ಕೂಗು ಹೊರಡಿಸುವ ಸ್ಪೀಕರು, ತಾನಾಗಿ ಫೋಟೊ ತೆಗೆಯುವ ಕ್ಯಾಮೆರಾ, ಇವೆಲ್ಲ ಹೊರದೇಶಗಳಲ್ಲಿ ಬೇಟೆಗಾರರ ಸಾಮಾನು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಬೇಟೆಯ ಮಾತಿಲ್ಲ. ರಾಣೆಬೆನ್ನೂರಿನ ಮಗ್ಗುಲಲ್ಲೇ 1974ರಿಂದ ಕೃಷ್ಣಮೃಗಗಳ ಅಭಯಾರಣ್ಯವಿದೆ, 119 ಚದರ ಕಿಲೋಮೀಟರಿನದು. ಹಾಗಾಗಿ ಅವೇ ಸಾಮಾನು ಇಲ್ಲಿ ಅಟ್ಟುವ ಕೆಲಸಕ್ಕೆ ಬಂದಿವೆ. ಅಲ್ಲಿ ಸ್ಪೀಕರು ಪ್ರಾಣಿಯನ್ನು ಹತ್ತಿರ ಕರೆಯುತ್ತದೆ. ಇಲ್ಲಿ ನಾಯಿ ಬೊಗಳುವ ಸದ್ದು, ‘ಹೋ’ ಎಂಬ ಕೂಗು ತುಂಬಿಸಿಟ್ಟ ಸಣ್ಣ ಮೈಕು ರಾತ್ರಿಯಿಡೀ ಹೊಲದಲ್ಲಿ ಅರಚುತ್ತದೆ.

ಮೊದಲು ಆ 9900ರ ವಿಚಾರ ಮುಗಿಸಿಬಿಡೋಣ. ಅದು ಸುಳ್ಳು. ಟಾರ್ಚಿನೊಳಗಿನ ಗುಂಡು ಸೆಲ್ಲಿಗೆ 18650 ಎನ್ನುತ್ತಾರೆ. ಅಡ್ಡಳತೆ 18 ಮಿ.ಮೀ., ಉದ್ದ 65 ಮಿ.ಮೀ., ಕೊನೆಯ ಸೊನ್ನೆ ಉರುಳೆಯಾಕಾರದ ಗುರುತು. ಈ ಗಾತ್ರದೊಳಗೆ ಹೆಸರುವಾಸಿ ಕಂಪನಿಗಳು ತುಂಬಿಸುವುದೇ ಹೆಚ್ಚೆಂದರೆ 3500 ಎಂಎಎಚ್ ಆಸುಪಾಸು. ವಿದ್ಯುತ್ತನ್ನು ಹಿಡಿದಿಡುವುದು ಒಳಗೆ ಸುತ್ತಿಟ್ಟ ನಿಕಲ್, ಕೋಬಾಲ್ಟ್, ಗ್ರಾಫೈಟಿನ ಲೇಪ. ಲೇಪ ಹೆಚ್ಚಿದರೆ ತೂಕವೂ ಹೆಚ್ಚಲೇಬೇಕು. ಅಸಲಿ ಸೆಲ್ 45ರಿಂದ 50 ಗ್ರಾಂ ತೂಗುತ್ತದೆ. ಪರಿಚಯದ ಪತ್ತಾರರಿದ್ದರೆ ಅವರ ತಕ್ಕಡಿಯ ಮೇಲೊಮ್ಮೆ ಇಟ್ಟು ನೋಡಿ. ಮೂವತ್ತರ ಹತ್ತಿರ ನಿಂತಿತೋ, ಮೇಲೆ ಏನು ಬರೆದಿದ್ದರೂ ಒಳಗೆ ಅಷ್ಟಿಲ್ಲ.

ಅಸಲಿ ಸೆಲ್ಲೂ ಪವಾಡ ಮಾಡುವುದಿಲ್ಲ. 3.5 ಆಂಪಿಯರ್-ತಾಸನ್ನು 3.6 ವೋಲ್ಟಿನಿಂದ ಗುಣಿಸಿದರೆ 12.6 ವ್ಯಾಟ್-ತಾಸು. ಐದು ವ್ಯಾಟಿನ ಟಾರ್ಚು ಪೂರ್ತಿ ಜೋರಾಗಿ ಉರಿದರೆ ಎರಡೂವರೆ ತಾಸಿಗೆ ಖಾಲಿ. ಒಂದು ವ್ಯಾಟಿಗೆ ಇಳಿಸಿಕೊಂಡರೆ ಬೆಳಗಿನವರೆಗೂ ಬರುತ್ತದೆ. ಸದ್ದಾದಾಗಷ್ಟೇ ಜೋರು ಮಾಡಿಕೊಳ್ಳಬೇಕು.

ಇನ್ನು ‘ಚಲೋ’ ಯಾವುದು ಎಂಬುದು. ಬ್ಯಾಡಗಿ ಪೇಟೆಯಲ್ಲಿ ನಿಂತು ‘ಚಲೋ ಮೆಣಸಿನಕಾಯಿ ಯಾವುದು’ ಎಂದು ಕೇಳಿ ನೋಡಿ. ‘ಯಾತಕ್ಕ ಬೇಕು?’ ಎಂಬ ಮರುಪ್ರಶ್ನೆ ಬರುತ್ತದೆ. ಬಣ್ಣಕ್ಕೋ, ಖಾರಕ್ಕೋ? 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಅದರ ಕಡುಗೆಂಪಿನಿಂದ. ಖಾರ ಕಡಿಮೆ. ಬಣ್ಣ ಹಿಂಡಿ ಓಲಿಯೊರೆಸಿನ್ ತೆಗೆಯುವ ಕಾರ್ಖಾನೆಗೆ ಅದೇ ಬೇಕು. ನಾಲಿಗೆ ಸುಡಬೇಕೆನ್ನುವವರು ಗುಂಟೂರಿನ ಕಾಯಿ ಹುಡುಕುತ್ತಾರೆ. ಖಾರಕ್ಕೆ 1912ರಲ್ಲಿ ವಿಲ್ಬರ್ ಸ್ಕೋವಿಲ್ ಕೊಟ್ಟ ಅಳತೆ ಬೇರೆ, ಬಣ್ಣಕ್ಕೆ ವ್ಯಾಪಾರಿಗಳು ಬಳಸುವ ಆಸ್ಟಾ ಅಳತೆ ಬೇರೆ. ಸೆಲ್ಲಿಗೂ ಹೀಗೆ ಎರಡು ಅಳತೆ. ಎಷ್ಟು ಕೂಡಿಟ್ಟಿದೆ ಎಂಬುದು ಎಂಎಎಚ್. ಒಮ್ಮೆಗೆ ಎಷ್ಟು ಜೋರಾಗಿ ಕೊಡಬಲ್ಲದು ಎಂಬುದು ಆಂಪಿಯರ್. ಲೇಪ ದಪ್ಪ ಬಳಿದರೆ ಸಂಗ್ರಹ ಹೆಚ್ಚು, ಆದರೆ ಲಿಥಿಯಂ ಅಯಾನುಗಳು ದೂರ ನಡೆಯಬೇಕು, ಜೋರಾಗಿ ಎಳೆದರೆ ವೋಲ್ಟೇಜು ಕುಸಿಯುತ್ತದೆ. ತೆಳ್ಳಗೆ ಬಳಿದರೆ ಸಂಗ್ರಹ 2500ಕ್ಕೆ ಇಳಿಯಬಹುದು, ಕೈಡ್ರಿಲ್ ತಿರುಗಿಸುವ ಕಸುವು ಬರುತ್ತದೆ. ನಮ್ಮ ಟಾರ್ಚು ಎಳೆಯುವುದು ಒಂದೂವರೆ ಆಂಪಿಯರೂ ಇಲ್ಲ; ಅದಕ್ಕೆ ಬಣ್ಣದ ಕಾಯಿಯೇ, ಅಂದರೆ ಸಂಗ್ರಹ ಹೆಚ್ಚಿರುವ ಸೆಲ್ಲೇ ಸಾಕು. ಸೆಕೆಯಲ್ಲಿ ಬಿಟ್ಟ ಕಾಯಿ ಬಣ್ಣಗೆಡುತ್ತದೆಂದೇ ಬ್ಯಾಡಗಿಯ ಸುತ್ತ ಅಷ್ಟೊಂದು ಶೀತಲಗೃಹಗಳು ಎದ್ದಿವೆ. ಪೂರ್ತಿ ಚಾರ್ಜಾದ ಲಿಥಿಯಂ ಸೆಲ್ಲೂ ಸೆಕೆಗೆ ಬೇಗ ಮುದಿಯಾಗುತ್ತದೆ. ಸುಗ್ಗಿ ಮುಗಿದ ಮೇಲೆ ತಗಡಿನ ಶೆಡ್ಡಿನಲ್ಲಿ ಬಿಡದೆ, ಅರ್ಧ ಚಾರ್ಜಿನಲ್ಲಿ ಮನೆಯೊಳಗಿನ ತಂಪು ಗೂಡಿನಲ್ಲಿಡಿ.

ಸೆಕೆ ಎಂದಾಗ ನನಗೆ ಪ್ರಿಯವಾದ ಒಂದು ಸಂಗತಿ ಹೇಳಬೇಕು. ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಬ್ಯಾಟರಿಯಲ್ಲಿದ್ದದ್ದು ಕೋಬಾಲ್ಟ್ ಆಕ್ಸೈಡ್, ಜಾನ್ ಗುಡ್‌ಇನಫ್ 1980ರಲ್ಲಿ ತೋರಿಸಿಕೊಟ್ಟ ವಸ್ತು. ಅತಿಯಾಗಿ ಕಾದರೆ ಅದು ಆಮ್ಲಜನಕ ಬಿಡುತ್ತದೆ, ಬೆಂಕಿಗೆ ಹೊರಗಿನ ಗಾಳಿಯೂ ಬೇಡ. ಮುಂದೆ ಅದೇ ಗುಡ್‌ಇನಫ್ ಟೆಕ್ಸಾಸ್‌ನ ಪ್ರಯೋಗಾಲಯದಲ್ಲಿ ಕಬ್ಬಿಣದ ಫಾಸ್ಫೇಟಿನತ್ತ ಹೊರಳಿದರು. ಹಾವೇರಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾದ 1997ರಲ್ಲೇ ಅದರ ಕುರಿತ ಪ್ರಬಂಧ ಹೊರಬಂತು. ಬರೆದವರು ಪಾಢಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್. ಆ ನಡುವಿನ ಹೆಸರು ಓದಿ ನನ್ನ ಕಿವಿ ನಿಮಿರಿದ್ದನ್ನು ಮುಚ್ಚಿಡಲಾರೆ. ಗುಡ್‌ಇನಫ್‌ಗೆ 2019ರಲ್ಲಿ, 97ರ ವಯಸ್ಸಿನಲ್ಲಿ, ವಿಟಿಂಗ್‌ಹ್ಯಾಂ ಮತ್ತು ಅಕಿರಾ ಯೊಶಿನೊ ಜೊತೆಗೆ ನೊಬೆಲ್ ಬಂತು. ಫಾಸ್ಫೇಟಿನಲ್ಲಿ ರಂಜಕ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಈ ಸೆಲ್ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಸಾವಿರಾರು ಸಲ ಚಾರ್ಜ್ ಮಾಡಬಹುದು. ಆದರೆ ಅದೇ ಗಾತ್ರದಲ್ಲಿ ಶಕ್ತಿ ಅರ್ಧಕ್ಕರ್ಧ ಕಡಿಮೆ, ವೋಲ್ಟೇಜು 3.2. ಮಾಮೂಲಿ ಲಿಥಿಯಂ ಚಾರ್ಜರು ಇದನ್ನು 4.2ರವರೆಗೆ ಎಳೆದು ಹಾಳುಮಾಡುತ್ತದೆ. ಟಾರ್ಚಿಗೆ ಇದು ಬೇಡ.

ಇದು ಒಪ್ಪುವುದು ಬೇಲಿ ತಂತಿಗೆ ವಿದ್ಯುತ್ತಿನ ಹೊಡೆತ ಕೊಡುವ ಝಟಕಾ ಮಷಿನ್ನಿಗೆ. ಅದಕ್ಕೆ ಈಗ ಸಾಮಾನ್ಯವಾಗಿ ಹಾಕುವ ಸೀಸ-ಆಮ್ಲದ ಬ್ಯಾಟರಿ ಗಾಸ್ಟೋನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದದ್ದು, ಇಂದಿಗೂ ಅಗ್ಗ. ಆದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತ ಹೋದರೆ, ಖಾಲಿಯಾದದ್ದನ್ನು ಹಾಗೇ ಬಿಟ್ಟರೆ, ಫಲಕಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಸಾಯುತ್ತದೆ. ಮಷಿನ್ನು ಸರಾಸರಿ ಕಾಲು ಆಂಪಿಯರ್ ಎಳೆಯುತ್ತದೆಂದು ಇಟ್ಟುಕೊಳ್ಳಿ. ರಾತ್ರಿಯ 12 ತಾಸಿಗೆ 3 ಆಂಪಿಯರ್-ತಾಸು. ಶ್ರಾವಣದ ಮೋಡದಲ್ಲಿ ಮೂರು ದಿನ ಸೋಲಾರ್ ಚಾರ್ಜು ಕೈಕೊಟ್ಟರೆ 9. ಸೀಸದ್ದಾದರೆ ಅದರ ದುಪ್ಪಟ್ಟು, 18 ಆಂಪಿಯರ್-ತಾಸಿನದು ಬೇಕು. ನಾಲ್ಕು ಸೆಲ್ ಜೋಡಿಸಿದ 12.8 ವೋಲ್ಟಿನ ಫಾಸ್ಫೇಟ್ ಪ್ಯಾಕು 12ರದ್ದು ಸಾಕು. ದುಡ್ಡು ಜಾಸ್ತಿ. ಮತ್ತೊಂದು ಕಿರಿಕಿರಿ: ಫಾಸ್ಫೇಟಿನ ವೋಲ್ಟೇಜು ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುವುದರಿಂದ ಹಳೆಯ ಮಷಿನ್ನಿನ ಹಸಿರು ದೀಪ ‘ಭರ್ತಿ’ ಎನ್ನುತ್ತಲೇ ಇದ್ದು ದಿಢೀರನೆ ಆರುತ್ತದೆ. ಏನೇ ಆಗಲಿ, ಬ್ಯಾಟರಿ ಸೋತಿತೆಂದು ಕರೆಂಟಿನ ತಂತಿಯನ್ನು ನೇರ ಬೇಲಿಗೆ ಕೊಡಬೇಡಿ. ಮಷಿನ್ನು ಕೊಡುವುದು ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ಹೊಡೆತ. ಮನೆಯ 230 ವೋಲ್ಟು ಹಿಡಿದದ್ದನ್ನು ಬಿಡುವುದಿಲ್ಲ, ಹಂದಿಯನ್ನೂ, ಮುಂಜಾನೆ ನೀರು ಹಾಯಿಸಲು ಬಂದವರನ್ನೂ.

ಬದುವಿನ ಮೇಲೆ ಕ್ಯಾಮೆರಾ ಇಡುವವರಿಗೆ ಒಂದು ಮಾತು. ಅದು ತಿಂಗಳುಗಟ್ಟಲೆ ಸುಮ್ಮನೆ ಕೂತಿರುವ ಯಂತ್ರ, ಹಲವು ಮಾದರಿಗಳಿಗೆ ಎಂಟು ಡಬಲ್-ಎ ಸೆಲ್ ಬೇಕು. ಹಳೆಯ ನಿಕಲ್-ಮೆಟಲ್ ಹೈಡ್ರೈಡ್ ಸೆಲ್ ಕೂತಲ್ಲೇ ಸೋರಿಹೋಗುತ್ತಿತ್ತು. ಸಾನ್ಯೊ ಕಂಪನಿ 2005ರಲ್ಲಿ ತಂದ ಕಡಿಮೆ ಸೋರಿಕೆಯ ಜಾತಿ ವರ್ಷದ ನಂತರವೂ ಬಹುಪಾಲು ಚಾರ್ಜು ಉಳಿಸಿಕೊಳ್ಳುತ್ತದೆ. ಅದರ ಮೇಲೆ ಬರೆದಿರುವುದು 2000 ಎಂಎಎಚ್ ಮಾತ್ರ, ಹೆಚ್ಚಿನ ಅಂಕಿಯ ಮೋಹಕ್ಕೆ ಬೀಳದೆ ಅದನ್ನೇ ಕೊಳ್ಳಿ. ಅದೇ ಅಳತೆಯ 14500 ಎಂಬ ಲಿಥಿಯಂ ಸೆಲ್ ಕೂಡ ಸಿಗುತ್ತದೆ. ಡಬಲ್-ಎ 1.2 ವೋಲ್ಟಿನದು, ಇದು ತುಂಬಿದಾಗ 4.2. ಎಂಟನ್ನು ಸಾಲಾಗಿ ಹಾಕಿದರೆ 33 ವೋಲ್ಟು ದಾಟಿ ಕ್ಯಾಮೆರಾ ಸುಟ್ಟೀತು. ಅಂಗಡಿಯವರು ‘ಇದೂ ಅದೇ ಸೈಜ್ ರೀ’ ಎಂದರೂ ತರಬೇಡಿ.